ಕೊಡಗಿನ ಕ್ರಿಸ್‌ಮಸ್ ನಕ್ಷತ್ರ: ಬೆಳಕು, ಅಂಜಿಕೆ ಮತ್ತು ಆಶ್ರಯದ ನೆನಪು

ವಿರಾಜಪೇಟೆಯಿಂದ ಅಮ್ಮತ್ತಿಯ ಕಡೆಗೆ ಹೋಗುವ ರಸ್ತೆಯಲ್ಲಿ ಡಿಸೆಂಬರ್ ತಿಂಗಳ ಸಂಜೆ ಪ್ರಯಾಣ ಮಾಡಿದವರಿಗೆ ಕಾಫಿ ತೋಟಗಳ ನಡುವೆ ಅಲ್ಲೊಂದು ಇಲ್ಲೊಂದು ನಕ್ಷತ್ರದಾಕಾರದ ದೀಪ ಕಾಣುತ್ತದೆ. ನೆರಳುಮರಗಳ ಮರೆಯಲ್ಲಿ ಮನೆ ಕಾಣುವುದಿಲ್ಲ, ಮನೆಯ ಜನರೂ ಕಾಣುವುದಿಲ್ಲ. ದೀಪ ಮಾತ್ರ ಕಾಣುತ್ತದೆ. ವರ್ಷದ ಉಳಿದ ಹನ್ನೊಂದು ತಿಂಗಳು ಆ ಮನೆ ನೆರೆಹೊರೆಯ ಮನೆಗಳಂತೆಯೇ ಹೆಂಚಿನ ಮಾಡಿನ, ಕಾಫಿ ಕಣದ ಒಂದು ಮನೆ. ಈ ಒಂದು ತಿಂಗಳು ಮಾತ್ರ ಅದು ಕ್ರೈಸ್ತರ ಮನೆಯೆಂದು ದಾರಿಹೋಕನಿಗೂ ತಿಳಿಯುತ್ತದೆ. ಈ ದೀಪದ ಅರ್ಥವೇನು ಎಂಬ ಸರಳ ಪ್ರಶ್ನೆಯನ್ನು ಪ್ರಸ್ತುತ ಲೇಖನ ಕೈಗೆತ್ತಿಕೊಳ್ಳುತ್ತದೆ.

ಈ ಪ್ರಶ್ನೆಗೆ ಸಿದ್ಧ ಉತ್ತರವೊಂದಿದೆ. ಕತ್ತಲೆಯೆಂದರೆ ಭಯ, ಬೆಳಕೆಂದರೆ ವಿಶ್ವಾಸ. ಕ್ರಿಸ್ತನ ಜನನದಿಂದ ಬೆಳಕು ಬಂತು, ಭಯ ತೊಲಗಿತು. ಪ್ರವಚನಗಳಲ್ಲಿಯೂ ಶುಭಾಶಯ ಪತ್ರಗಳಲ್ಲಿಯೂ ಪುನರುಕ್ತವಾಗುವ ಈ ವಿವರಣೆ ತಪ್ಪೆಂದಲ್ಲ. ಆದರೆ ಎಲ್ಲ ಊರಿಗೂ ಸಮಾನವಾಗಿ ಸಲ್ಲುವ ವಿವರಣೆ ಯಾವ ಊರಿನ ಬಗೆಗೂ ಹೆಚ್ಚೇನನ್ನೂ ಹೇಳುವುದಿಲ್ಲ. ಸಂಕೇತವೊಂದು ಒಂದು ನೆಲದಿಂದ ಇನ್ನೊಂದು ನೆಲಕ್ಕೆ ಬಂದಾಗ ಅಲ್ಲಿನ ಜನರ ಅಂಜಿಕೆ ಯಾವುದು ಎಂಬುದನ್ನು ಕೇಳಿಕೊಂಡೇ ಅದು ನೆಲೆಗೊಳ್ಳಬೇಕಾಗುತ್ತದೆ. ಆದ್ದರಿಂದ ಬೆಳಕಿನ ಅರ್ಥವನ್ನು ಹುಡುಕುವ ಮೊದಲು ಕತ್ತಲೆ ಯಾವುದು ಎಂದು ಗುರುತಿಸುವುದು ಉಚಿತ.

ಕ್ರಿಸ್ತನ ಜನನವನ್ನು ಡಿಸೆಂಬರ್ 25ಕ್ಕೆ ಹೊಂದಿಸಿದ ಹಳೆಯ ಖಚಿತ ಉಲ್ಲೇಖ ದೊರೆಯುವುದು ರೋಮಿನಲ್ಲಿ ಕ್ರಿ.ಶ. 354ರಲ್ಲಿ ಸಂಕಲಿತವಾದ ಪಂಚಾಂಗದಲ್ಲಿ. ಉತ್ತರ ಗೋಳಾರ್ಧದಲ್ಲಿ ಹಗಲು ಅತ್ಯಂತ ಕಿರಿದಾಗುವ ಕಾಲವದು. ಕೊಡಗಿಗೆ ಬಂದ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಹುಟ್ಟಿದ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತ್ಯದಲ್ಲಿ ಡಿಸೆಂಬರಿನ ಹಗಲು ಎಂಟು ಗಂಟೆಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಅಲ್ಲಿ ಹಿಮದ ನಡುವೆ ಹಚ್ಚಿದ ದೀಪಕ್ಕೆ ಪ್ರಕೃತಿಯೇ ವ್ಯಾಖ್ಯಾನ ಬರೆದಿರುತ್ತದೆ. ಕೊಡಗಿನ ಮಾತು ಹಾಗಲ್ಲ. ಹನ್ನೆರಡು ಡಿಗ್ರಿ ಉತ್ತರ ಅಕ್ಷಾಂಶದ ವಿರಾಜಪೇಟೆಯಲ್ಲಿ ವರ್ಷದ ಅತಿ ಕಿರಿಯ ಹಗಲೂ ಸುಮಾರು ಹನ್ನೊಂದು ಗಂಟೆ ಇಪ್ಪತ್ತೈದು ನಿಮಿಷದಷ್ಟಿರುತ್ತದೆ. ಡಿಸೆಂಬರ್ ಇಲ್ಲಿ ತಿಳಿ ಆಕಾಶದ ತಿಂಗಳು. ಗದ್ದೆಯಲ್ಲಿ ಭತ್ತ ಬಲಿತಿರುತ್ತದೆ, ಗಿಡದಲ್ಲಿ ಕಾಫಿ ಹಣ್ಣಾಗಿರುತ್ತದೆ, ಕೈಯಲ್ಲಿ ಕೂಲಿಯ ಹಣವಿರುತ್ತದೆ. ಕೊಡಗಿನ ನಿಜವಾದ ಕತ್ತಲೆ ಇರುವುದು ಮಳೆಗಾಲದಲ್ಲಿ. ಅದರಲ್ಲೂ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡ ಮಾಸದಲ್ಲಿ. ಮಂಜು ಮುಸುಕಿ ನಡುಹಗಲಲ್ಲೂ ದೀಪ ಬೇಕಾಗುವ, ತಂತಿ ಕಡಿದು ದಿನಗಟ್ಟಲೆ ವಿದ್ಯುತ್ ಇಲ್ಲದಿರುವ, ಶುಭಕಾರ್ಯಗಳನ್ನು ಇಟ್ಟುಕೊಳ್ಳದ ತಿಂಗಳು ಅದು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಮುಕ್ಕೋಡ್ಲು ಮುಂತಾದ ಕಡೆ ಬೆಟ್ಟಗಳೇ ಜಾರಿ ಬಂದದ್ದು ಕಕ್ಕಡ ಮುಗಿಯುವ ಹೊತ್ತಿಗೆ. 2019ರ ತೋರ, 2020ರ ತಲಕಾವೇರಿಯ ದುರಂತಗಳೂ ಆಗಸ್ಟಿನವೇ. ಕೊಡಗಿನಲ್ಲಿ ಹೆದರಿಕೆಗೆ ಒಂದು ಋತುವಿದೆಯೆಂದಾದರೆ ಅದು ಮಾಗಿಯಲ್ಲ.

ಹೀಗಾಗಿ ಇಲ್ಲಿನ ಕ್ರಿಸ್‌ಮಸ್ ದೀಪ ಕತ್ತಲೆಯ ನಡುವೆ ಹಚ್ಚಿದ ದೀಪವಲ್ಲ, ಕತ್ತಲೆಯನ್ನು ದಾಟಿ ಬಂದ ಮೇಲೆ ಹಚ್ಚಿದ ದೀಪ. ಈ ವ್ಯತ್ಯಾಸ ಸಣ್ಣದಲ್ಲ. ವಿರಾಜಪೇಟೆಯ ದೇವಾಲಯ ಸಂತ ಅನ್ನಮ್ಮನವರ ಹೆಸರಿನದು. ಧರ್ಮಸಭೆಯ ಪಂಚಾಂಗದಲ್ಲಿ ಅವರ ಸ್ಮರಣೆಯ ದಿನ ಜುಲೈ 26, ಅಂದರೆ ಸರಿಯಾಗಿ ಕಕ್ಕಡದ ಒಳಗೆ. ಇದು ಯಾರೂ ಉದ್ದೇಶಿಸದ ಆಕಸ್ಮಿಕ. ಆದರೂ ಮಗಳ ಹೆರಿಗೆಗೆ ಮೊದಲು ನೆನಪಾಗುವ ತಾಯಿಯ ದಿನ ಮಳೆಗಾಲದಲ್ಲಿಯೂ, ಮೊಮ್ಮಗನ ಜನನದ ದಿನ ಸುಗ್ಗಿಯಲ್ಲಿಯೂ ಬರುವ ಈ ಕ್ರಮ ಕೊಡಗಿನ ಕೃಷಿಪಂಚಾಂಗಕ್ಕೆ ಹೇಳಿ ಮಾಡಿಸಿದಂತಿದೆ.

ಇನ್ನು ಗ್ರಂಥದ ಕಡೆಗೆ ಬರೋಣ. ಬೆಳಕು ಬಂತು, ಭಯ ಹೋಯಿತು ಎಂಬ ಸೂತ್ರವನ್ನು ಶುಭಸಂದೇಶಗಳೇ ಸಮರ್ಥಿಸುತ್ತವೆಯೆ? ಲೂಕನ ಕಥನವನ್ನು ಎಚ್ಚರದಿಂದ ಓದಿದರೆ ವಿಚಿತ್ರವೊಂದು ಕಣ್ಣಿಗೆ ಬೀಳುತ್ತದೆ. ಹೊಲದಲ್ಲಿ ರಾತ್ರಿ ಕುರಿ ಕಾಯುತ್ತಿದ್ದವರು ಕತ್ತಲೆಗೆ ಹೆದರಿದವರಲ್ಲ. ಕತ್ತಲೆ ಅವರ ನಿತ್ಯದ ಕಸುಬಿನ ಭಾಗ. ಅವರು ಹೆದರಿದ್ದು ಸುತ್ತಲೂ ಹಠಾತ್ತನೆ ಬೆಳಕು ಹೊಳೆದಾಗ. ಅಂಜಬೇಡಿ ಎಂಬ ದೇವದೂತನ ಮಾತು ಬರುವುದು ಆ ನಂತರ. ಅಂದರೆ ಅಲ್ಲಿ ಭಯವನ್ನು ಹುಟ್ಟಿಸಿದ್ದು ಬೆಳಕು. ಭಯವನ್ನು ಕಳೆದದ್ದು ಮಾತು. ಮತ್ತಾಯನ ಕಥನ ಇನ್ನೂ ಕಠೋರವಾದುದು. ಅಲ್ಲಿನ ನಕ್ಷತ್ರವನ್ನು ಹಿಂಬಾಲಿಸಿ ಬಂದವರನ್ನು ಹಳೆಯ ಕನ್ನಡ ಅನುವಾದ ಜೋಯಿಸರು ಎಂದು ಕರೆಯಿತು. ಈ ಒಂದು ಪದದ ಆಯ್ಕೆಯಿಂದ ಪರದೇಶದ ಕಥೆಯೊಂದು ಪಂಚಾಂಗ ಬಲ್ಲ ಕನ್ನಡ ಓದುಗನ ಅಂಗಳಕ್ಕೆ ಬಂತು ಎನ್ನಬೇಕು. ಆ ಜೋಯಿಸರು ನಕ್ಷತ್ರದ ಸುದ್ದಿಯನ್ನು ಅರಮನೆಯಲ್ಲಿ ಕೇಳಿದಾಗ ಕಳವಳಗೊಂಡವನು ಹೆರೋದ ಅರಸ. ಅವನ ಕಳವಳ ಬೆತ್ಲೆಹೇಮಿನ ಎಳೆಯ ಮಕ್ಕಳ ಕೊಲೆಯಲ್ಲಿ ಮುಗಿಯಿತು. ಶಿಶುವನ್ನೆತ್ತಿಕೊಂಡು ತಾಯಿತಂದೆಯರು ರಾತ್ರೋರಾತ್ರಿ ಐಗುಪ್ತಕ್ಕೆ ಓಡಿಹೋದರು. ನಾವು ಬಣ್ಣದ ಕಾಗದದಲ್ಲಿ ಮಾಡಿ ಜಗಲಿಗೆ ತೂಗುಹಾಕುವ ನಕ್ಷತ್ರ ಇದೇ. ಅದು ಅರಸನನ್ನು ಬೆದರಿಸಿದ, ಒಂದು ಕುಟುಂಬವನ್ನು ನಿರಾಶ್ರಿತರನ್ನಾಗಿ ಮಾಡಿದ ಕಥೆಯ ನಕ್ಷತ್ರ. ಕೊಲೆಯಾದ ಆ ಮಕ್ಕಳ ಸ್ಮರಣೆಯನ್ನು ಧರ್ಮಸಭೆ ಡಿಸೆಂಬರ್ 28ಕ್ಕೆ ಇರಿಸಿಕೊಂಡಿದೆ. ನಕ್ಷತ್ರಗಳು ಉರಿಯುತ್ತಿರುವಾಗಲೇ ಆ ದಿನವೂ ಬಂದುಹೋಗುತ್ತದೆ. ಹಬ್ಬದ ಗಡಿಬಿಡಿಯಲ್ಲಿ ಅದನ್ನು ಗಮನಿಸುವವರು ಕಡಿಮೆ.

ಮೂರನೆಯದಾಗಿ ಯೋಹಾನನ ಪೀಠಿಕೆ. ಬೆಳಕು ಕತ್ತಲೆಯಲ್ಲಿ ಹೊಳೆಯುತ್ತದೆ, ಕತ್ತಲೆಗೆ ಅದು ದಕ್ಕಲಿಲ್ಲ ಎಂಬ ಭಾವದ ಮಾತು ಅಲ್ಲಿದೆ. ಮೂಲದ ಗ್ರೀಕ್ ಕ್ರಿಯಾಪದಕ್ಕೆ ಎರಡು ಅರ್ಥಗಳಿವೆಯೆಂದು ವ್ಯಾಖ್ಯಾನಕಾರರು ಬಹುಕಾಲದಿಂದ ಚರ್ಚಿಸಿದ್ದಾರೆ: ಗ್ರಹಿಸುವುದು ಎಂಬುದೊಂದು, ವಶಪಡಿಸಿಕೊಳ್ಳುವುದು ಎಂಬುದಿನ್ನೊಂದು. ಕನ್ನಡದ ‘ಹಿಡಿ’ ಧಾತುವಿಗೆ ಈ ಎರಡೂ ಅರ್ಥಚ್ಛಾಯೆಗಳಿರುವುದು ಗಮನಾರ್ಹ. ಮಾತಿನ ಮರ್ಮವನ್ನು ಹಿಡಿಯುತ್ತೇವೆ, ಶತ್ರುವನ್ನು ಸೆರೆಹಿಡಿಯುತ್ತೇವೆ. ಕತ್ತಲೆಯು ಬೆಳಕನ್ನು ಹಿಡಿಯಲಾರದೆ ಹೋಯಿತು ಎಂದರೆ ಕನ್ನಡದಲ್ಲಿ ಎರಡೂ ಅರ್ಥ ಒಟ್ಟಿಗೆ ಬರುತ್ತವೆ. ಸೆರೆಹಿಡಿ ಎಂಬ ಎರಡನೆಯ ಅರ್ಥ ಕೊಡಗಿನ ಕ್ರೈಸ್ತರ ಚರಿತ್ರೆಯಲ್ಲಿ ಬರಿಯ ರೂಪಕವಲ್ಲ.

ಎರಡನೆಯ ಮೈಸೂರು ಯುದ್ಧದ ಕೊನೆಯ ಹಂತದಲ್ಲಿ, 1784ರ ಫೆಬ್ರವರಿ 24ರಂದು, ಕೆನರಾದ ಕೊಂಕಣಿ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸುವ ಆಜ್ಞೆ ಜಾರಿಯಾಯಿತು. ಧರ್ಮಸಭೆಯ ಪಂಚಾಂಗದಲ್ಲಿ ಅದು ಬೂದಿ ಬುಧವಾರದ ಹೊತ್ತು. ಅವರು ಇಂಗ್ಲಿಷರಿಗೆ ನೆರವಾದರೆಂಬ ಶಂಕೆ ಟಿಪ್ಪು ಸುಲ್ತಾನನಿಗಿತ್ತು. ಸೆರೆಯಾದವರ ಸಂಖ್ಯೆಯ ಬಗೆಗೆ ಆಕರಗಳಲ್ಲಿ ಒಮ್ಮತವಿಲ್ಲ; ಮೂವತ್ತು ಸಾವಿರದಿಂದ ಎಂಬತ್ತು ಸಾವಿರದವರೆಗೆ ಬೇರೆ ಬೇರೆ ಅಂಕಿಗಳಿವೆ. ಮರುವರ್ಷ ಕೊಡವರಿಗೂ ಅದೇ ಗತಿ ಒದಗಿ ಅವರಲ್ಲಿ ಅನೇಕರು ಶ್ರೀರಂಗಪಟ್ಟಣದ ಸೆರೆಯಾಳುಗಳಾದರು. ಟಿಪ್ಪುವಿನ ವ್ಯಕ್ತಿತ್ವದ ಬಗೆಗಿನ ಇಂದಿನ ವಾದವಿವಾದ ಈ ಲೇಖನದ ವ್ಯಾಪ್ತಿಗೆ ಸೇರಿದ್ದಲ್ಲ. ನಮಗಿಲ್ಲಿ ಮುಖ್ಯವಾದುದು ಬೇರೊಂದು ಸಂಗತಿ: ಹಾಲೇರಿ ವಂಶದ ದೊಡ್ಡ ವೀರರಾಜೇಂದ್ರನೂ ಸೆರೆಯಲ್ಲಿದ್ದವನೇ. 1788ರಲ್ಲಿ ಪಿರಿಯಾಪಟ್ಟಣದ ಬಂಧನದಿಂದ ತಪ್ಪಿಸಿಕೊಂಡು ಬಂದು ಅವನು ಕೊಡಗನ್ನು ಮರಳಿ ಪಡೆದ. ತನ್ನ ಹೆಸರಿನ ಪೇಟೆಯನ್ನು 1792ರ ಸುಮಾರಿಗೆ ಕಟ್ಟಿಸಿದಾಗ ಶ್ರೀರಂಗಪಟ್ಟಣದಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಅಲ್ಲಿ ನೆಲೆ ಕೊಟ್ಟ, ದೇವಾಲಯಕ್ಕೆ ಜಾಗ ಕೊಟ್ಟ. ಇಂದಿನ ಸಂತ ಅನ್ನಮ್ಮ ದೇವಾಲಯದ ಮೂಲ ಅದು. ಎತ್ತರದ ಗೋಥಿಕ್ ಶೈಲಿಯ ಕಟ್ಟಡ ಆಮೇಲಿನದು.

ವೀರರಾಜೇಂದ್ರನನ್ನು ಉದಾರತೆಯ ಮೂರ್ತಿಯೆಂದು ಚಿತ್ರಿಸುವ ಅಗತ್ಯವಿಲ್ಲ. ಕೊನೆಗಾಲದಲ್ಲಿ ಅವನು ಶಂಕೆಗೂ ಕ್ರೌರ್ಯಕ್ಕೂ ಹೆಸರಾದವನು. ಹೊಸ ಪೇಟೆಗೆ ದುಡಿಯುವ ಕೈಗಳೂ ವ್ಯಾಪಾರ ಬಲ್ಲವರೂ ಬೇಕಿದ್ದರೆಂಬುದೂ ನಿಜ. ಹಾಗಿದ್ದರೂ ಲಿಂಗಾಯತ ಅರಸನೊಬ್ಬ, ತಾನೇ ಸೆರೆಯ ರುಚಿ ಕಂಡವನು, ಅದೇ ಸೆರೆಯಿಂದ ಓಡಿಬಂದ ಪರಧರ್ಮೀಯರಿಗೆ ತನ್ನ ಹೆಸರಿನ ಊರಿನಲ್ಲೇ ದೇವಾಲಯ ಕಟ್ಟಲು ಬಿಟ್ಟ ಎಂಬುದು ಉಳಿಯುತ್ತದೆ. ಮತ್ತಾಯನ ಕಥೆಯಲ್ಲಿ ಅರಸ ಅಟ್ಟುತ್ತಾನೆ, ಪರದೇಶ ಪೊರೆಯುತ್ತದೆ. ವಿರಾಜಪೇಟೆಯಲ್ಲಿ ಅಟ್ಟಿದವನೂ ಅರಸ, ಪೊರೆದವನೂ ಅರಸ. ವಿರಾಜಪೇಟೆಯ ಮೊದಲ ಕ್ರೈಸ್ತರು ಐಗುಪ್ತದ ದಾರಿಯನ್ನು ಓದಿ ತಿಳಿಯಬೇಕಾಗಿರಲಿಲ್ಲ.

ಈ ಹಿನ್ನೆಲೆಯಲ್ಲಿ ದೀಪ ಇರುವ ಜಾಗವನ್ನು ಗಮನಿಸಬೇಕು. ಕೊಡವರ ಐನ್‌ಮನೆಯಲ್ಲಿ ದೀಪದ ಸ್ಥಾನ ಒಳಗೆ, ನೆಲ್ಲಕ್ಕಿ ನಡುಬಾಡೆಯಲ್ಲಿ. ಅಲ್ಲಿ ತೂಗುವ ತೂಕ್‌ಬೊಳ್‌ಚ ಉರಿಯುವುದು ಗುರುಕಾರೋಣರ ಎದುರಿಗೆ. ಮನೆಯವರೆಲ್ಲ ಮುಖ ಮಾಡುವುದು ಅದರ ಕಡೆಗೆ. ಪುತ್ತರಿಯ ರಾತ್ರಿ ಮಾತ್ರ ತಳಿಯತಕ್ಕಿ ಬೊಳ್‌ಚ ಮನೆಯಿಂದ ಹೊರಟು ಗದ್ದೆಗೆ ಹೋಗುತ್ತದೆ. ಕೋವಿಯ ಸದ್ದಿನೊಡನೆ ಕದಿರು ತೆಗೆದ ಮೇಲೆ ಕದಿರೂ ದೀಪವೂ ಜೊತೆಯಾಗಿ ಒಳಗೆ ಬರುತ್ತವೆ. ಪುತ್ತರಿಗೂ ಕ್ರಿಸ್‌ಮಸ್ಸಿಗೂ ನಡುವೆ ಕೆಲವೇ ವಾರಗಳ ಅಂತರ. ಕೆಲವು ವರ್ಷ ಅಷ್ಟೂ ಇರುವುದಿಲ್ಲ. ಕ್ರೈಸ್ತರಲ್ಲಿಯೂ ಒಳಗಿನ ದೀಪಗಳಿವೆ. ಪಾಸ್ಖ ಹಬ್ಬದ ಜಾಗರಣೆಯಲ್ಲಿ ಹೊರಗೆ ಹೊತ್ತಿಸಿದ ಹೊಸ ಬೆಂಕಿಯಿಂದ ದೊಡ್ಡ ಮೇಣದಬತ್ತಿಯನ್ನು ಹಚ್ಚಿ ಕತ್ತಲೆ ತುಂಬಿದ ದೇವಾಲಯದೊಳಕ್ಕೆ ತರುತ್ತಾರೆ. ಅದರಿಂದ ಒಬ್ಬೊಬ್ಬರ ಕೈಯ ಬತ್ತಿಗೂ ಬೆಳಕು ಹರಿಯುತ್ತದೆ. ಆಗಮನ ಕಾಲದ ನಾಲ್ಕು ಬತ್ತಿಗಳೂ ಒಳಗಿನವೇ. ದೈವಶಾಸ್ತ್ರದ ದೃಷ್ಟಿಯಿಂದ ಪಾಸ್ಖದ ಬೆಳಕೇ ಪ್ರಧಾನ. ಆದರೆ ಹೊರಗೆ, ರಸ್ತೆಗೆ ಮುಖ ಮಾಡಿ, ತನ್ನವರಲ್ಲದವರಿಗಾಗಿಯೂ ಉರಿಯುವ ದೀಪ ಕ್ರಿಸ್‌ಮಸ್ಸಿನ ನಕ್ಷತ್ರವೊಂದೇ. ಸೆರೆಯಿಂದ ತಪ್ಪಿಸಿಕೊಂಡವನು ಮೊದಲು ಆರಿಸುವುದು ದೀಪವನ್ನು. ತನ್ನ ಇರವನ್ನು ಬೆಳಕಿನಿಂದ ತಾನೇ ತೋರಿಸಿಕೊಳ್ಳುವುದು ಅಡಗಬೇಕಾದ ಅಗತ್ಯ ತೀರಿದವನು. ನನ್ನ ಗ್ರಹಿಕೆಯಲ್ಲಿ ಕೊಡಗಿನ ನಕ್ಷತ್ರದ ಮೊದಲ ಅರ್ಥ ಇಲ್ಲಿದೆ. ಭಯವನ್ನು ಗೆದ್ದೆವೆಂಬ ಘೋಷಣೆ ಅದಲ್ಲ. ಇಲ್ಲಿ ಅಡಗಬೇಕಾಗಿಲ್ಲ ಎಂದು ನೆರೆಹೊರೆಯನ್ನು ನಂಬಿದ ಗುರುತು. ಆ ನಂಬಿಕೆಗೆ ದೇವರು ಎಷ್ಟು ಆಧಾರವೋ ನೆರೆಯವರೂ ಅಷ್ಟೇ ಆಧಾರ.

ಇಲ್ಲೊಂದು ಆಕ್ಷೇಪ ಬರಬಹುದು. ಇಂದು ಕೊಡಗಿನಲ್ಲಿರುವ ಕ್ರೈಸ್ತರೆಲ್ಲ ಶ್ರೀರಂಗಪಟ್ಟಣದ ಸೆರೆಯಾಳುಗಳ ಸಂತತಿಯವರಲ್ಲ. ಕಾಫಿ ತೋಟಗಳು 1850ರ ದಶಕದಿಂದ ಬೆಳೆದಂತೆ ಮಲಬಾರಿನಿಂದ, ತಮಿಳು ಸೀಮೆಯಿಂದ, ಮಂಗಳೂರಿನಿಂದ ಕೆಲಸ ಅರಸಿ ಬಂದ ಕುಟುಂಬಗಳೂ ಬಹಳ. ಕೊಂಕಣಿ, ಮಲಯಾಳ, ತಮಿಳು, ತುಳು, ಕನ್ನಡ ಇವೆಲ್ಲವೂ ಅವರ ಮನೆಮಾತುಗಳು. 1784ರ ನೆನಪು ಎಲ್ಲ ಮನೆಗಳಲ್ಲಿಲ್ಲ. ಆಕ್ಷೇಪ ಸರಿಯಾದುದೇ. ಆದರೆ ಬಂದವರಿಗೆಲ್ಲ ತಮ್ಮದೇ ಆದ ಅಂಜಿಕೆಗಳಿದ್ದವು. ಅಮ್ಮತ್ತಿಯ ಬಳಿಯ ಆನಂದಪುರ ಇದಕ್ಕೆ ಮುಖ್ಯ ನಿದರ್ಶನ. ಮೋಗ್ಲಿಂಗ್ ಕೊಡಗಿಗೆ ಬಂದದ್ದು 1850ರ ದಶಕದ ಆರಂಭದಲ್ಲಿ. ಕೊಡಗಿನ ಬಗೆಗಿನ ಅವನ ಗ್ರಂಥ 1855ರಲ್ಲಿ ಪ್ರಕಟವಾಯಿತು. ಅವನು ನಿರೀಕ್ಷಿಸಿದ್ದು ಕೊಡವರನ್ನು. ದೊಡ್ಡ ಸಂಖ್ಯೆಯಲ್ಲಿ ಬಂದವರು ಅಂದಿನ ದಾಖಲೆಗಳು ಹೊಲೆಯರೆಂದು ಕರೆಯುವ, ಭೂಮಿಯೊಡೆಯರ ಜೀತದಲ್ಲಿದ್ದ ದಲಿತರು. ಅವರಿಗಾಗಿ ಆ ದಶಕದ ಉತ್ತರಾರ್ಧದಲ್ಲಿ ಕಟ್ಟಿದ ನೆಲೆಗೆ ಇಟ್ಟ ಹೆಸರು ಆನಂದಪುರ. ವಸಾಹತುಶಾಹಿಯ ಜೊತೆಗೆ ಬಂದ ಮಿಷನ್ನಿನ ಉದ್ದೇಶಗಳನ್ನು ಪ್ರಶ್ನಿಸುವುದು ನ್ಯಾಯವೇ, ಪ್ರಶ್ನಿಸಲೂಬೇಕು. ಆದರೆ ಒಡೆಯನ ಸ್ವರ ಕೇಳಿದೊಡನೆ ಎದ್ದು ನಿಲ್ಲಬೇಕಾಗಿದ್ದವನಿಗೆ ತನ್ನದೇ ಮನೆಯ ಮುಂದೆ ತನ್ನದೇ ದೀಪ ಹಚ್ಚುವುದೆಂದರೆ ಏನು ಎಂಬುದನ್ನು ಆ ಪ್ರಶ್ನೆ ಅಳಿಸಿಹಾಕುವುದಿಲ್ಲ. ಸೆರೆಯಿಂದ ಬಂದ ಕೊಂಕಣಿಗನಿಗೆ ದೀಪ ಮರಳಿ ಸಿಕ್ಕಿತು. ಜೀತದಿಂದ ಬಂದವನಿಗೆ ಅದು ಮೊದಲ ಬಾರಿಗೆ ಸಿಕ್ಕಿತು.

ಆಳುವವರ ದೀಪದ ಗತಿ ಏನಾಯಿತೆಂಬುದಕ್ಕೆ ಮಡಿಕೇರಿಯ ಕೋಟೆಯೊಳಗಿನ ಸಂತ ಮಾರ್ಕನ ಚರ್ಚು ಸಾಕ್ಷಿ. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಇಂಗ್ಲಿಷ್ ಅಧಿಕಾರಿಗಳಿಗಾಗಿ ಕಟ್ಟಿದ ಆ ಕಟ್ಟಡ ಈಗ ಸರ್ಕಾರಿ ವಸ್ತುಸಂಗ್ರಹಾಲಯ. ಬಣ್ಣದ ಗಾಜಿನ ಕಿಟಕಿಯ ಕೆಳಗೆ ಹಳೆಯ ಶಿಲ್ಪಗಳನ್ನು ಇರಿಸಿದ್ದಾರೆ. ಸಂಜೆ ಬಾಗಿಲು ಮುಚ್ಚಿದ ಮೇಲೆ ಅಲ್ಲಿ ದೀಪವಿಲ್ಲ.

ಕನ್ನಡದಲ್ಲಿ ಭಯವೆಂಬ ಶಬ್ದ ಪೂರ್ತಿ ನಿಷೇಧಾರ್ಥಕವಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ‘ಭಯಭಕ್ತಿ’ ನಮ್ಮಲ್ಲಿ ಜೋಡುಪದ. ಕ್ರೈಸ್ತ ಕನ್ನಡ ಇದನ್ನು ಹಾಗೆಯೇ ಎತ್ತಿಕೊಂಡಿತು. ದೇವಭಯ ಅಲ್ಲಿ ಗುಣ, ದೋಷವಲ್ಲ. ಹಾಗಾದರೆ ವಿಶ್ವಾಸ ಭಯವನ್ನು ನಾಶಮಾಡುತ್ತದೆ ಎನ್ನುವುದಕ್ಕಿಂತ ಅದರ ದಿಕ್ಕನ್ನು ತಿರುಗಿಸುತ್ತದೆ ಎನ್ನುವುದು ಭಾಷೆಯ ಜಾಯಮಾನಕ್ಕೆ ಹತ್ತಿರ. ಆಧುನಿಕ ಕನ್ನಡದ ಅತ್ಯಂತ ಜನಪ್ರಿಯ ಪ್ರಾರ್ಥನೆಯನ್ನೇ ನೋಡಬಹುದು. ಬಿ.ಎಂ.ಶ್ರೀಯವರ ‘ಕರುಣಾಳು ಬಾ ಬೆಳಕೆ’ ಮೂಲದಲ್ಲಿ ಕ್ರೈಸ್ತ ಸ್ತೋತ್ರ. ಜಾನ್ ಹೆನ್ರಿ ನ್ಯೂಮನ್ ಸಿಸಿಲಿಯಲ್ಲಿ ತೀವ್ರ ಕಾಯಿಲೆಯಿಂದ ಚೇತರಿಸಿಕೊಂಡು, ಊರಿಗೆ ಮರಳುವ ಹಡಗಿನಲ್ಲಿ 1833ರಲ್ಲಿ ಬರೆದದ್ದು. ಕನ್ನಡ ಶಾಲೆಗಳಲ್ಲಿ ಅದನ್ನು ಹಾಡಿದ ಎಲ್ಲ ಮತಗಳ ಮಕ್ಕಳಲ್ಲಿ ಎಷ್ಟೋ ಜನರಿಗೆ ಈ ಮೂಲ ತಿಳಿದಿರಲಾರದು. ಅದು ಆ ಅನುವಾದದ ಗೆಲುವು. ಇಡೀ ದಾರಿ ಬೆಳಗಲಿ ಎಂದು ಅದು ಕೇಳುವುದಿಲ್ಲ. ಮುಂದಿನ ಅಡಿ ಇಡುವಷ್ಟು ಬೆಳಕನ್ನು ಮಾತ್ರ ಬೇಡುತ್ತದೆ. ಕತ್ತಲೆ ಸುತ್ತಲೂ ಇದ್ದೇ ಇದೆ, ಅಂಜಿಕೆಯೂ ಇದ್ದೇ ಇದೆ. ಗೆಲುವಿನ ಭಾಷೆ ಅಲ್ಲಿಲ್ಲ.

ಕ್ಷೇತ್ರಕಾರ್ಯದ ವೇಳೆ ಸಿದ್ದಾಪುರದ ಕಡೆಯ ತೋಟವೊಂದರ ಲೈನ್ ಮನೆಯಲ್ಲಿ ಹಿರಿಯ ಹೆಂಗಸೊಬ್ಬರನ್ನು ಮಾತನಾಡಿಸಿದೆ. ಅವರ ತಂದೆ ಬಿದಿರಿನ ಸೀಳುಗಳನ್ನು ಕಟ್ಟಿ, ಬಣ್ಣದ ಕಾಗದ ಅಂಟಿಸಿ, ಒಳಗೆ ಸೀಮೆಎಣ್ಣೆಯ ಬುಡ್ಡಿ ಇಡುತ್ತಿದ್ದರಂತೆ. ಗಾಳಿ ಬಂದರೆ ಕಾಗದಕ್ಕೆ ಬೆಂಕಿ ಹಿಡಿಯುತ್ತದೆಂದು ಮಕ್ಕಳಲ್ಲೊಬ್ಬರು ಎಚ್ಚರವಿದ್ದು ಕಾಯಬೇಕಿತ್ತು. ಈಗ ಅಂಗಡಿಯ ಪ್ಲಾಸ್ಟಿಕ್ ನಕ್ಷತ್ರ, ಜೊತೆಗೆ ಸೀರಿಯಲ್ ಸೆಟ್. ಆ ಭಾಗದಲ್ಲಿ ಕಾಡಾನೆಗಳ ಕಾಟ ವಿಪರೀತ. ಬೆಳಿಗ್ಗೆ ಕೆಲಸಕ್ಕೆ ಹೊರಟವರು ತೋಟದೊಳಗೆ ಆನೆಗೆ ಸಿಕ್ಕಿ ಸತ್ತ ಪ್ರಕರಣಗಳು ಕೊಡಗಿನಲ್ಲಿ ಹೊಸತಲ್ಲ. ಈ ದೀಪದಿಂದ ಹೆದರಿಕೆ ಕಡಿಮೆಯಾಗುತ್ತದೆಯೆ ಎಂದು ಕೇಳಿದೆ. ನನ್ನ ಪ್ರಶ್ನೆಯಲ್ಲಿಯೇ ನಾನು ಬಯಸಿದ ಉತ್ತರವೂ ಇತ್ತೆಂದು ಒಪ್ಪಿಕೊಳ್ಳಬೇಕು.

ಅವರು ನಕ್ಕರು. “ಆನೆ ನಕ್ಷತ್ರ ನೋಡಿ ನಿಲ್ತದಾ ಮಗಾ? ಅದಕ್ಕೆ ಯಾವ ಹಬ್ಬ ಗೊತ್ತುಂಟು?” ಸ್ವಲ್ಪ ತಡೆದು ಮತ್ತೆ ಹೇಳಿದರು: “ಹೆದರಿಕೆ ಇದ್ದೇ ಉಂಟು. ಆದ್ರೆ ಮೇಲಿನ ಲೈನಿನವರು ಕೆಳಗೆ ನೋಡಿದ್ರೆ ಇಲ್ಲಿ ಜನ ಉಂಟು ಅಂತ ಗೊತ್ತಾಗ್ತದೆ. ನಮಗೂ ಹಾಗೇ, ಅವರದ್ದು ಕಂಡ್ರೆ.” ಮೇಲಿನ ಲೈನಿನಲ್ಲಿ ಇರುವವರು ಕ್ರೈಸ್ತರೇ ಎಂದು ವಿಚಾರಿಸಿದೆ. ಎರಡು ಮನೆಯವರು ಹೌದು, ಉಳಿದವರು ಅಲ್ಲ. ಆದರೆ ಮಕ್ಕಳು ಹಟ ಮಾಡಿದ್ದರಿಂದ ಅವರೂ ಒಂದು ನಕ್ಷತ್ರ ತಂದು ಕಟ್ಟಿದ್ದಾರೆ ಎಂದರು.

ನಕ್ಷತ್ರವನ್ನು ಇಳಿಸುವುದು ಜನವರಿ 6ರ ಮೂರು ರಾಯರ ಹಬ್ಬ ಕಳೆದ ಮೇಲೆ. ಮತ್ತಾಯನ ಕಥೆಯಲ್ಲಿಯೂ ಜೋಯಿಸರು ಬೇರೆ ದಾರಿ ಹಿಡಿದು ಊರಿಗೆ ಮರಳಿದ ನಂತರ ನಕ್ಷತ್ರದ ಪ್ರಸ್ತಾಪ ಮತ್ತೆ ಬರುವುದಿಲ್ಲ. ಐಗುಪ್ತದ ಕಡೆಗಿನ ಪ್ರಯಾಣ ಶುರುವಾಗುವುದು ಆಮೇಲೆ, ಒಂದು ಕನಸಿನ ಮಾತನ್ನು ನಂಬಿ, ರಾತ್ರಿಯಲ್ಲಿ. ಆ ದಾರಿಗೆ ನಕ್ಷತ್ರವಿತ್ತೆಂದು ಮತ್ತಾಯ ಹೇಳಿಲ್ಲ. ಅಜ್ಜಿಯ ಮನೆಯಲ್ಲಿ ಇಳಿಸಿದ ನಕ್ಷತ್ರವನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಅಟ್ಟದ ಮೇಲೆ, ಮಳೆಗಾಲದಲ್ಲಿ ಸೋರದ ಮೂಲೆ ನೋಡಿ ಇಡುತ್ತಾರೆ.